ಆಯಿ ಪಾಸು ಮಾಡಿದ ಕೋಟೆ

ಹೈದರಾಬಾದಿನ ಮಿಯಾಪುರದಲ್ಲಿ ಆಗ ಮನೆಗಳಿಗಿಂತ ಬಂಡೆಗಳೇ ಹೆಚ್ಚಿದ್ದವು. ಈಗ ಮೆಟ್ರೊ ಇಳಿದು, ಆಕಾಶ ಕಾಣದ ಹಾಗೆ ನಿಂತ ಅಪಾರ್ಟ್‌ಮೆಂಟುಗಳ ನಡುವೆ ಹಾದುಹೋಗುವವರಿಗೆ ಇದನ್ನು ಹೇಳಿದರೆ ನಕ್ಕುಬಿಡುತ್ತಾರೆ. ಒಂದರ ಮೇಲೊಂದು ಕೂತ ಆ ಬೋಳು ಬಂಡೆಗಳ ಸಂದಿಗಳಲ್ಲಿ ಸೀತಾಫಲದ ಗಿಡಗಳಿದ್ದವು. ದಸರೆಯ ಹೊತ್ತಿಗೆ ಕಾಯಿ ಕಣ್ಣು ಬಿಡುತ್ತಿತ್ತು. ನಾವು ಕಾಲೊನಿಯ ಮಕ್ಕಳು ಫ್ರಾಕಿನ ಮಡಿಲಲ್ಲಿ ಅವನ್ನು ತುಂಬಿಕೊಂಡು ಬಂದು ಜೋಳದ ಡಬ್ಬಿಯಲ್ಲಿ ಹೂತಿಡುತ್ತಿದ್ದೆವು. ಮರುದಿನದಿಂದಲೇ ಡಬ್ಬಿಯ ಮುಚ್ಚಳ ತೆಗೆದು ಮೂಸುವುದು, ಅಮ್ಮನಿಂದ ಬೈಸಿಕೊಳ್ಳುವುದು ಶುರು. ನಮ್ಮ ಮನೆಯ ರೊಟ್ಟಿಗೂ ಆ ತಿಂಗಳು ಸೀತಾಫಲದ ವಾಸನೆ ಇರುತ್ತಿತ್ತು.

ಅದೇ ಬಂಡೆಗಳ ಮೇಲೆ ನಮ್ಮ ಕಿಲ್ಲಾ ಆಟ, ಅಂದರೆ ಕೋಟೆ ಗೆಲ್ಲುವ ಆಟ, ನಡೆಯುತ್ತಿತ್ತು. ಮೇಲೆ ಹತ್ತಿದವರು ಸುಲ್ತಾನರು, ಕೆಳಗೆ ಉಳಿದವರು ಫೌಜು. ಫೌಜಿನವರು ಮೇಲೆ ಹತ್ತಿ ಸುಲ್ತಾನರನ್ನು ಕೆಳಗೆ ಎಳೆಯಬೇಕು. ಮೊಣಕಾಲು ಕೆತ್ತಿಸಿಕೊಳ್ಳುವುದರಲ್ಲಿ ನಾನು ಯಾರಿಗೂ ಕಡಿಮೆ ಇರಲಿಲ್ಲ. ಆದರೆ ಆಟದ ನಡುವೆ ಜಗಳ ಬಂದಾಗ ನನ್ನ ಗೆಳತಿ ವಿಜಯ ಒಂದೇ ಮಾತಿನಲ್ಲಿ ನನ್ನ ಬಾಯಿ ಮುಚ್ಚಿಸುತ್ತಿದ್ದಳು. "ನೀನು ಗೋಲ್ಕೊಂಡ ನೋಡೇ ಇಲ್ಲವಲ್ಲ, ನಿನಗೇನು ಗೊತ್ತು?" ಎಂದು ತೆಲುಗಿನಲ್ಲಿ ಕೇಳುವಳು.  ಹೈದರಾಬಾದಿನಲ್ಲೇ ಹುಟ್ಟಿ ಬೆಳೆದ ನಾನು ಗೋಲ್ಕೊಂಡ ನೋಡಿರಲಿಲ್ಲ. 

ನೋಡದೆ ಇದ್ದದ್ದಕ್ಕೆ ಕಾರಣ ಬಡತನವೂ ಅಲ್ಲ, ದೂರವೂ ಅಲ್ಲ. ನಾವು ಬೀದರಿನವರಾಗಿದ್ದದ್ದೇ ಕಾರಣ. ಅಪ್ಪ ಕೇಂದ್ರ ಸರ್ಕಾರದ ಕಾರ್ಖಾನೆಯಲ್ಲಿ ಲೇತ್ ಮಷೀನಿನ ಮುಂದೆ ನಿಲ್ಲುತ್ತಿದ್ದ. ಮೈಗೆಲ್ಲ ಎಣ್ಣೆಯ ವಾಸನೆ, ತಲೆ ತುಂಬ ಬೀದರಿನ ಅಭಿಮಾನ. ಊರಿನಿಂದ ಬಂದ ನೆಂಟರಿಗೆ ಶಹರ ತೋರಿಸುವುದು ನಮ್ಮ ಮನೆಯ ಕಟ್ಟಳೆ. ಚಾರ್ಮಿನಾರಿನ ಬಳೆ ಅಂಗಡಿ, ಮ್ಯೂಸಿಯಮ್ಮಿನ ಗಡಿಯಾರ, ಝೂ, ಜನವರಿಯಾದರೆ ನಾಂಪಲ್ಲಿಯ ನುಮಾಯಿಶ್ ವಸ್ತುಪ್ರದರ್ಶನ. ಎಲ್ಲದಕ್ಕೂ ನನ್ನನ್ನು ಬಾಲದ ಹಾಗೆ ಕರೆದೊಯ್ಯುತ್ತಿದ್ದರು. ಗೋಲ್ಕೊಂಡದ ಮಾತು ಬಂತೋ, ನೆಂಟರೂ ಅಪ್ಪನೂ ಒಟ್ಟಿಗೇ ಮೂಗು ಮುರಿಯುತ್ತಿದ್ದರು.

"ಕಿಲ್ಲಾ ನೋಡ್ಲಿಕ್ಕ ಬೀದರದವ್ರು ಇಲ್ಲಿಗಿ ಬರಬೇಕಾ? ಅವರು ನಮ್ಮ ಸುಲ್ತಾನರ ಕೈಕೆಳಗ ನೌಕರಿ ಮಾಡಿದವ್ರು," ಎನ್ನುತ್ತಿದ್ದ ಅಪ್ಪ. ಗೋಲ್ಕೊಂಡದ ಸುಲ್ತಾನರು ಇನ್ನೂ ರಜೆ ಚೀಟಿಯನ್ನು ಬೀದರಿಗೆ ಕಳಿಸುತ್ತಿದ್ದಾರೆ ಎನ್ನುವ ಧಾಟಿಯಲ್ಲಿ ಅವನು ಮಾತಾಡುತ್ತಿದ್ದ. ಅಮ್ಮ ಗದಗದ ಕಡೆಯವಳು. ಅವಳಿಗೆ ಯಾವ ಕೋಟೆಯ ಹಂಗೂ ಇರಲಿಲ್ಲ. "ಹೋಗಿ ಒಂದ್ಸಲ ತೋರಿಸ್ಕೊಂಡು ಬರ್ರಿ, ಹುಡುಗಿ ಜೀವ ತಿನ್ನಾಕತ್ತೈತಿ," ಎಂದು ಅವಳು ನನ್ನ ಪರ ವಹಿಸಿದಾಗಲೆಲ್ಲ ಅಪ್ಪ ಮಾತು ಹಾರಿಸುತ್ತಿದ್ದ.

ಆ ವರ್ಷ ದಸರೆ ಮುಗಿಸಿಕೊಂಡು ಅಪ್ಪ ಬೀದರಿನಿಂದ ಆಯಿಯನ್ನು ಕರೆತಂದ. ಆಯಿ ಎಂದರೆ ಅಪ್ಪನ ಅವ್ವ. ಅವಳ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಇಲ್ಲಿ ದೊಡ್ಡ ಆಸ್ಪತ್ರೆಯಲ್ಲಿ ಕಣ್ಣು ಮಾಡಿಸಬೇಕು ಎಂಬುದು ಅಪ್ಪನ ಯೋಚನೆ. ಆದರೆ ಆಯಿಗೆ ಹೇಳಿದ್ದು ಬೇರೆ. ಸೊಸೆಗೆ ಮೈಯಲ್ಲಿ ಹುಷಾರಿಲ್ಲ, ನಾಲ್ಕು ದಿನ ಕೈಜೋಡಿಸಲು ಬಾ ಎಂದು ನಂಬಿಸಿ ಬಸ್ಸು ಹತ್ತಿಸಿದ್ದ. ಮನೆಗೆ ಬಂದು ನೋಡಿದರೆ ಸೊಸೆ ಗಟ್ಟಿಮುಟ್ಟಾಗಿ ರೊಟ್ಟಿ ಬಡಿಯುತ್ತಿದ್ದಾಳೆ. ಆಯಿಗೆ ಎಲ್ಲ ತಿಳಿಯಿತು.

"ಕಣ್ಣಿಗಿ ಚಾಕು ಹಚ್ಚಾಕ ನಾ ಒಲ್ಲೆ," ಎಂದಳು. "ನಮ್ಮ ಓಣ್ಯಾಗ ಒಬ್ಬಾಕಿ ಮಾಡಿಸ್ಕೊಂಡು ಇದ್ದದ್ದೂ ಕಳಕೊಂಡು ಬಂದಾಳ. ನನಗ ಅಷ್ಟಿಷ್ಟು ಕಾಣಸ್ತದ, ಸಾಕು. ನೋಡೋದೆಲ್ಲ ನೋಡೀನಿ."

ಕಾರ್ಖಾನೆಯ ದವಾಖಾನೆಯ ಡಾಕ್ಟರು ಹೀಗೇ ಬಿಟ್ಟರೆ ಕಣ್ಣು ಉಳಿಯುವುದಿಲ್ಲ ಎಂದಿದ್ದರು. ಅಪ್ಪ ಸಿಟ್ಟು ಮಾಡಿದ, ಅಮ್ಮ ಕೈ ಹಿಡಿದು ಬೇಡಿಕೊಂಡಳು. ಆಯಿ ಜಪ್ಪಯ್ಯ ಅನ್ನಲಿಲ್ಲ. ಸಂಕ್ರಾಂತಿ ಹೊತ್ತಿಗೆ ನನ್ನನ್ನು ಬೀದರಿಗೆ ಬಿಟ್ಟುಬಾ ಎನ್ನುವುದೊಂದೇ ಅವಳ ಮಾತು.

ಆಯಿಯ ಬಗ್ಗೆ ಒಂದು ವಿಷಯ ಹೇಳಲೇಬೇಕು. ಅವಳು ಹುಟ್ಟಿದ್ದು ಬೀದರಿನ ಕೋಟೆಯೊಳಗೆ. ರಾಣಿವಾಸದಲ್ಲಿ ಅಲ್ಲ, ಕೋಟೆಯ ಗೋಡೆಯೊಳಗಿನ ಹಳ್ಳಿಯಲ್ಲಿ, ಎಮ್ಮೆ ಕಟ್ಟಿದ ಒಂದು ಮಣ್ಣಿನ ಮನೆಯಲ್ಲಿ. ಬಂಡೆ ಕೊರೆದು ಮಾಡಿದ ಕಂದಕದ ದಂಡೆಯಲ್ಲಿ ಎಮ್ಮೆ ಮೇಯಿಸಿದವಳು, ಹಳೆಯ ಫಿರಂಗಿ ತೋಪಿನ ಮೇಲೆ ಕುದುರೆ ಏರಿದ ಹಾಗೆ ಕೂತು ಆಡಿದವಳು, ರಂಗೀನ್ ಮಹಲಿನ ನೆರಳಲ್ಲಿ ಗಜ್ಜುಗ ಆಡಿದವಳು. ಮದುವೆಯಾಗಿ ಊರೊಳಗೆ ಬಂದಾಗ ಆಕೆಗೆ ಬಯಲಿನಲ್ಲಿ ಬಿಟ್ಟ ಹಾಗೆ ಆಗಿತ್ತಂತೆ. ಸುತ್ತ ಗೋಡೆ ಇಲ್ಲದ ಕಡೆ ಮಂದಿಗೆ ನಿದ್ದೆ ಹೇಗೆ ಬರುತ್ತದೆ ಎಂದು ಅತ್ತೆಯನ್ನು ಕೇಳಿ ಬೈಸಿಕೊಂಡಿದ್ದಳಂತೆ.

ಹೀಗಾಗಿ ನಾನು ಮತ್ತೆ ಗೋಲ್ಕೊಂಡದ ರಾಗ ತೆಗೆದಾಗ ಅಪ್ಪ ಒಂದು ಹೊಸ ಉಪಾಯ ಹೂಡಿದ. "ನಾ ಏನ್ ಹೇಳ್ಲಿ? ಕಿಲ್ಲಾದ ಮಾತು ಕಿಲ್ಲಾದಾಗ ಹುಟ್ಟಿದವ್ರನ್ನ ಕೇಳು. ಆಯಿ ನೋಡುವಂಥಾದ್ದದ ಅಂದ್ರ ಬರೂ ಐತಾರನೇ ಹೋಗೋಣ." ತಪ್ಪಿಸಿಕೊಳ್ಳಲು ಹೇಳಿದ ಮಾತು ಅದು. ನಾನು ಅದನ್ನು ಕಾನೂನು ಮಾಡಿಕೊಂಡೆ.

ಆಯಿ ಹಿತ್ತಲ ಮೆಟ್ಟಿಲ ಮೇಲೆ ಕೂತು ಪುಂಡಿ ಸೊಪ್ಪು ಬಿಡಿಸುತ್ತಿದ್ದಳು. ಎಲೆ ಯಾವುದು ಕಡ್ಡಿ ಯಾವುದು ಎಂಬುದನ್ನು ಬೆರಳಿನಿಂದಲೇ ತಿಳಿಯುತ್ತಿದ್ದಳು. ನಾನು ಹೋಗಿ ಎದುರು ಕೂತೆ.

"ಆಯಿ, ಗೋಲ್ಕೊಂಡಾ ನೋಡುವಂಥಾದ್ದದೋ ಇಲ್ಲೋ?"

"ಕಂದಕ ಬಂಡ್ಯಾಗ ಕೊರದಾರೋ, ಮಣ್ಣಾಗ ಅಗದಾರೋ?" ಎಂದು ಅವಳು ತಲೆ ಎತ್ತದೆ ಕೇಳಿದಳು.

ನನಗೆ ಗೊತ್ತಿರಲಿಲ್ಲ. ಓಡಿಹೋಗಿ ವಿಜಯಳನ್ನು ಕೇಳಿದೆ. ಅವಳಿಗೂ ಗೊತ್ತಿರಲಿಲ್ಲ. ಅವಳು ತನ್ನ ಅಪ್ಪನನ್ನು ಕೇಳಿ, ಕಂದಕ ಬಹಳ ಕಡೆ ಮುಚ್ಚಿಹೋಗಿದೆ, ಮಣ್ಣೇ ಇರಬೇಕು ಎಂದು ಉತ್ತರ ತಂದಳು. ಆಯಿ ತುಟಿ ಉಬ್ಬಿಸಿದಳು. "ನಮ್ಮಲ್ಲಿ ಬಂಡ್ಯಾಗ ಕೊರದಾರ. ಅದೂ ಒಂದಲ್ಲ, ಒಂದರ ಹಿಂದ ಒಂದು."

ಆಮೇಲೆ ದಿನಾ ಇದೇ ಕೆಲಸ. ಶಾಲೆಯಿಂದ ಬಂದವಳೇ ಚೀಲ ಎಸೆದು ಗೋಲ್ಕೊಂಡದ ವಕೀಲಿ ಶುರು ಮಾಡುತ್ತಿದ್ದೆ. ಬೆಟ್ಟದ ತುದಿಯ ತನಕ ಮಣ್ಣಿನ ಕೊಳವೆಯಲ್ಲಿ ನೀರು ಏರಿಸುತ್ತಿದ್ದರಂತೆ ಎಂದರೆ, ನಮ್ಮ ಬೀದರದಲ್ಲಿ ನೆಲದ ಒಳಗಿನಿಂದಲೇ ನೀರು ಹರಿದು ಬರುತ್ತದೆ ಎನ್ನುವಳು. ದೊಡ್ಡ ತೋಪಿದೆಯಂತೆ ಎಂದರೆ, "ಅದರ ಮ್ಯಾಲ ಎಷ್ಟು ಹುಡುಗ್ರು ಕೂಡ್ತಾರ?" ಎನ್ನುವಳು. ಕೊನೆಗೆ ಇಸ್ಪೀಟಿನವರ ಹಾಗೆ ನನ್ನ ಹುಕುಂ ಎಲೆ ಬಿಟ್ಟೆ. ಬಾಗಿಲ ಗುಮ್ಮಟದ ಕೆಳಗೆ ನಿಂತು ಚಪ್ಪಾಳೆ ಹೊಡೆದರೆ ಬೆಟ್ಟದ ನೆತ್ತಿಯ ಮೇಲಿರುವವರಿಗೆ ಕೇಳಿಸುತ್ತದೆ, ಎಲ್ಲರೂ ಕೇಳಿದ್ದಾರೆ, ನಾನೊಬ್ಬಳೇ ಕೇಳಿಲ್ಲ!

ಆಯಿಯ ಕೈ ಒಂದು ಕ್ಷಣ ನಿಂತಿತು. ಆಮೇಲೆ ಮತ್ತೆ ಸೊಪ್ಪು ಬಿಡಿಸತೊಡಗಿದಳು.

"ಅದೆಲ್ಲಾ ಇರ್ಲಿ," ಎಂದಳು. "ಒಳಗ ಒಲಿ ಹೊತ್ತತದೇನು?"

"ಅಂದ್ರ?"

"ಗೋಡಿ ಒಳಗ ಯಾರರೆ ಸಂಸಾರ ಮಾಡ್ತಾರೇನು? ಹೊತ್ತು ಮುಳುಗ್ತಿದ್ದಂಗ ಹೊಗಿ ಏಳ್ತದೇನು? ಮಂದಿ ಇದ್ರ ಕಿಲ್ಲಾ. ಮಂದಿ ಇಲ್ಲಂದ್ರ ಕಲ್ಲಿನ ರಾಶಿ. ಕಲ್ಲು ನೋಡ್ಲಿಕ್ಕ ಅಷ್ಟು ದೂರ ಯಾಕ, ನಿಮ್ಮ ಹಿತ್ತಲದಾಗ ಬೇಕಾದಷ್ಟು ಅವ."

ಇದು ಯಾವ ಪಾಠದ ಪುಸ್ತಕದಲ್ಲೂ ಇರಲಿಲ್ಲ. ನನಗೆ ಗೊತ್ತಿದ್ದ ಗೋಲ್ಕೊಂಡದಲ್ಲಿ ಇದ್ದದ್ದು ಸುಲ್ತಾನರು, ವಜ್ರಗಳು, ಚಪ್ಪಾಳೆ. ಒಲೆಯ ಬಗ್ಗೆ ಯಾರೂ ಹೇಳಿರಲಿಲ್ಲ. ಆಯಿ ಸೊಪ್ಪಿನ ಬುಟ್ಟಿ ಎತ್ತಿಕೊಂಡು ಗೋಡೆ ತಡವುತ್ತಾ ಒಳಗೆ ಹೋದಳು. ಅವಳ ತೀರ್ಪಿನ ಪ್ರಕಾರ ಗೋಲ್ಕೊಂಡ ನಪಾಸು.

ನಾನು ಅತ್ತು ಕರೆದು, ಊಟ ಬಿಡುತ್ತೇನೆ ಎಂದು ಹೆದರಿಸಿದೆ. ಆ ದಿನ ಅಮ್ಮ ಎಣ್ಣೆಗಾಯಿ ಮಾಡಿದ್ದರಿಂದ ಆ ಹೆದರಿಕೆ ಉಳಿಯಲಿಲ್ಲ. ಆದರೆ ಹಟ ಉಳಿಯಿತು. ನನ್ನದು ಒಂದು ಹಟ, ಆಯಿಯದು ಒಂದು ಹಟ, ಅಪ್ಪನದು ಒಂದು. ಒಂದೇ ಕ್ವಾರ್ಟರ್ಸಿನಲ್ಲಿ ಮೂರು ಎಮ್ಮೆ ಕಟ್ಟಿದ ಹಾಗೆ ಆಗಿದೆ ಎಂದು ಅಮ್ಮ ಗೊಣಗುತ್ತಿದ್ದಳು.

ಹೀಗಿರುವಾಗ ಒಂದು ಸಂಜೆ ಅದು ನಡೆಯಿತು. ಅಮ್ಮ ನೀರು ತುಂಬಲು ಹೊರಗೆ ಹೋಗಿದ್ದಳು. ಆಯಿ ನನಗೆ ಬಿಸಿ ರೊಟ್ಟಿ ಮಾಡಿಕೊಡುತ್ತೇನೆಂದು ಸ್ಟೌವಿನ ಮುಂದೆ ಕೂತಳು. ರೊಟ್ಟಿ ಬಡಿಯುವ ಸಪ್ಪಳದಲ್ಲಿ ಒಂದಿಷ್ಟೂ ತಪ್ಪಿರಲಿಲ್ಲ, ಚಂದ್ರನಂಥ ರೊಟ್ಟಿ. ಅದನ್ನು ಎರಡೂ ಅಂಗೈ ಮೇಲೆ ಎತ್ತಿ ಹಂಚಿಗೆ ಹಾಕಲು ಹೋದಳು. ಹಂಚು ಇದ್ದ ಜಾಗ ಸರಿಯಾಗಿ ಕಾಣಲಿಲ್ಲ. ಅರ್ಧ ರೊಟ್ಟಿ ಹಂಚಿನ ಮೇಲೆ, ಅರ್ಧ ಉರಿಯ ಮೇಲೆ ಬಿತ್ತು. ಸರಿಪಡಿಸಲು ಕೈ ಚಾಚಿ ಹಂಚಿನ ಅಂಚನ್ನೇ ಹಿಡಿದಳು.

ಆಯಿ ಕೈಯನ್ನು ನೀರಿನ ಬೋಗುಣಿಯಲ್ಲಿ ಅದ್ದಿ, "ನಿಮ್ಮ ಅಮ್ಮಗ ಹೇಳಬ್ಯಾಡ," ಎಂದಳಷ್ಟೆ. ಸುಟ್ಟ ಹಿಟ್ಟಿನ ವಾಸನೆ ಮನೆಯೆಲ್ಲ ತುಂಬಿತ್ತು. ಹೇಳುವ ಅಗತ್ಯವೇ ಬೀಳಲಿಲ್ಲ. ಅಮ್ಮ ಕೊಡ ಹೊತ್ತು ಬಾಗಿಲಿಗೆ ಬಂದವಳೇ ಎಲ್ಲ ತಿಳಿದುಕೊಂಡು, ಕೊಡ ಇಳಿಸಿ, ಆಯಿಯ ಕೈಗೆ ತುಪ್ಪ ಹಚ್ಚುತ್ತಾ ಅತ್ತಳು.

"ಅತ್ತೀ, ಕೈ ಮುಗೀತೀನ್ರಿ, ಕಣ್ಣು ಮಾಡಿಸ್ಕೊಳ್ರಿ."

"ಯಾಕವ್ವ? ಇನ್ನೇನು ನೋಡೋದದ? ನೋಡೋದೆಲ್ಲ ನೋಡೀನಿ."

ಆ ಮಾತು ಕೇಳಿ ಕೇಳಿ ನನಗೆ ಸಾಕಾಗಿತ್ತು. ಭಯ, ಸುಟ್ಟ ರೊಟ್ಟಿ, ಅಮ್ಮನ ಅಳು, ಎಲ್ಲ ಸೇರಿ ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ಎಲ್ಲಾ ಎಲ್ಲಿ ನೋಡೀದಿ? ಗೋಲ್ಕೊಂಡಾ ನೋಡೇ ಇಲ್ಲಲ್ಲ!" ಎಂದು ಕಿರುಚಿದೆ. "ನೋಡದೇನೇ ನೋಡುವಂಥಾದ್ದಲ್ಲ ಅಂತ ಹೆಂಗ ಹೇಳ್ತಿ? ನಿನಗೇನು ಗೊತ್ತು?"

ವಿಜಯ ನನಗೆ ಹೇಳುತ್ತಿದ್ದ ಮಾತು ನನ್ನ ಬಾಯಿಂದ ಹಾಗೇ ಬಂದಿತ್ತು. ಅಮ್ಮ ಕೈ ಎತ್ತಿದಳು. ಬಾಗಿಲಲ್ಲಿ ಆಗತಾನೇ ಸೈಕಲ್ಲು ನಿಲ್ಲಿಸಿದ ಅಪ್ಪ ಕಣ್ಣು ಕೆಂಪಗೆ ಮಾಡಿದ. ಆಯಿ ಮಾತ್ರ ತುಪ್ಪ ಹಚ್ಚಿದ ಬೆರಳುಗಳನ್ನು ಗಾಳಿಯಲ್ಲಿ ಬಿಡಿಸಿ ಹಿಡಿದು, ನಾನಿದ್ದ ಕಡೆ ಮುಖ ತಿರುಗಿಸಿದಳು.

"ನಮ್ಮ ಪಮ್ಮಿ ಅಂದದ್ದು ಖರೇ ಅದ," ಎಂದು ನನ್ನನ್ನೇ ಎತ್ತಿಹಿಡಿದಳು. "ನೋಡದೇ ಹೆಸರಿಡಬಾರದು. ನಮ್ಮ ಬೀದರಕ್ಕ ಬರದೇನೇ ಯಾರರೆ ಹಂಗ ಅಂದಿದ್ರ ನಾ ಸುಮ್ಮಕಿರ್ತಿದ್ದಿಲ್ಲ."

ನಾನು ಬಿಡಲಿಲ್ಲ. ಆ ದಿನವೇ ಶಾಲೆಯಲ್ಲಿ ಸಿಕ್ಕ ಸುದ್ದಿ ನಾಲಿಗೆಯ ತುದಿಯಲ್ಲಿತ್ತು. ವಿಜಯಳ ಸೋದರತ್ತೆಯ ಮನೆ ಇರುವುದೇ ಗೋಲ್ಕೊಂಡದ ಹೊರಗೋಡೆಯ ಒಳಗೆ! ಅಲ್ಲಿ ಓಣಿಗಳಿವೆ, ಮನೆಗಳಿವೆ, ಮಸೀದಿ ಗುಡಿ ಎಲ್ಲ ಇವೆ. "ಒಲಿ ಒಂದೇ ಏನು ಆಯಿ, ಬ್ರೆಡ್ಡು ಬಿಸ್ಕೀಟು ಸುಡೋ ಭಟ್ಟೀನೂ ಅದ ಅಂತ!"

"ಭಟ್ಟಿ ಅದ?" ಎಂದಳು ಆಯಿ. ಆ ಸುದ್ದಿ ಅವಳನ್ನು ಅಲ್ಲಾಡಿಸಿದ್ದು ನನಗೆ ಕಂಡಿತು.

ಅಪ್ಪ ಜಾಣ. ಗಾಳಿ ಬಂದಾಗಲೇ ತೂರಿಕೊಂಡ. "ಅವ್ವಾ, ಈಗಿನ ಕಣ್ಣಾಗ ನೀ ಅಲ್ಲಿಗಿ ಹೋದ್ರ ಹೊಗಿ ಯಾವ್ದು ಮಂಜು ಯಾವ್ದು ತಿಳಿಯಂಗಿಲ್ಲ. ಕಣ್ಣು ಮಾಡಿಸ್ಕೊ. ಆಮ್ಯಾಲ ಹೋಗಿ ನೋಡಿ, ಏನು ಅನಿಸ್ತದ ಅದನ್ನ ಹೇಳು. ನೀ ಹೇಳಿದ್ದೇ ಕಡೀ ಮಾತು."

ಆಯಿ ಸೆರಗು ಸರಿಮಾಡಿಕೊಂಡು ಎದ್ದಳು. "ಆಗ್ಲಿ, ಮಾಡಿಸ್ಕೋತೀನಿ. ಆ ಕಿಲ್ಲಾದ ಎದುರಿಗೇ ನಿಂತು, ನಿನ್ನಾಗ ಏನೂ ಇಲ್ಲಂತ ಹೇಳಿ, ಅಲ್ಲಿಂದನೇ ಬೀದರ ಬಸ್ ಹಿಡೀತೀನಿ."

ಕಣ್ಣಿನ ಆಸ್ಪತ್ರೆ ತಾರ್ನಾಕದ ಕಡೆ ಇತ್ತು. ಅಪ್ಪ ರಜೆ ಹಾಕಿದ. ನನ್ನನ್ನೂ ಕರೆದುಕೊಂಡು ಹೋಗಬೇಕೆಂದು ಆಯಿಯೇ ಹಟ ಹಿಡಿದಳು. ಸ್ಪಿರಿಟ್ಟಿನ ವಾಸನೆಯ ಆ ಉದ್ದನೆಯ ಬೆಂಚಿನ ಮೇಲೆ ಅವಳು ನನ್ನ ಮಣಿಕಟ್ಟನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಬಳೆ ಒತ್ತಿ ನೋಯುತ್ತಿತ್ತು. ಜಗತ್ತಿನಲ್ಲಿ ಯಾರಿಗೂ ಹೆದರದ ಆಯಿ ಹೆದರಿದ್ದಳು. ನರ್ಸು ಹೆಸರು ಕೂಗಿದಾಗ ನನ್ನ ಕಿವಿಯ ಹತ್ತಿರ ಬಾಗಿ, "ಚಪ್ಪಾಳಿ ಖರೇನೇ ಮ್ಯಾಲಿನ ತನ ಕೇಳಸ್ತದ?" ಎಂದು ಕೇಳಿದಳು. "ಆಣಿ ಮಾಡಿ ಹೇಳ್ತೀನಿ, ಕೇಳಸ್ತದ," ಎಂದೆ. ನಾನೇ ಕೇಳಿರದ ಸಪ್ಪಳದ ಮೇಲೆ ಆಣೆ ಮಾಡಿಬಿಟ್ಟೆ. ಅವಳು ನನ್ನ ಕೈ ಬಿಟ್ಟು ಒಳಗೆ ಹೋದಳು.

ಮೊದಲು ಒಂದು ಕಣ್ಣು ಮಾಡಿದರು. ಪಟ್ಟಿ ಕಟ್ಟಿಕೊಂಡು ಮನೆಗೆ ಬಂದ ಆಯಿಗೆ ತಲೆ ಬಗ್ಗಿಸಬಾರದು, ಕೆಮ್ಮಬಾರದು, ಒಲೆಯ ಮುಂದೆ ಹೋಗಬಾರದು ಎಂದು ಕಟ್ಟಪ್ಪಣೆ. ನಾನು ಕಾವಲು ಕೂತೆ. ಅವಳ ಕಣ್ಣಿನ ಮೇಲೆ ನನ್ನ ಗೋಲ್ಕೊಂಡ ನಿಂತಿತ್ತಲ್ಲ! ಪಟ್ಟಿ ಬಿಚ್ಚಿ ಕಪ್ಪು ಕನ್ನಡಕ ಹಾಕಿದ ಮೇಲೆ ಆಯಿ ಮೊದಲು ನೋಡಿದ್ದು ನನ್ನನ್ನು. ಗಲ್ಲ ಹಿಡಿದು ಮುಖವನ್ನು ಆ ಕಡೆ ಈ ಕಡೆ ತಿರುಗಿಸಿದಳು. ನಾನು ಮುದ್ದಿನ ಮಾತಿಗೆ ಕಾದು ನಿಂತಿದ್ದೆ.

"ಅಯ್ಯ, ಎಷ್ಟು ಕರ್ರಗಾಗೀದಿ! ಬಿಸಲಾಗ ಬಂಡಿ ಮ್ಯಾಲ ಕೂಡ್ತಿ ಏನು ದಿನಾ?" ಎಂದಳು. ಅಮ್ಮ ನಗುತ್ತ ನಗುತ್ತ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಸಂಕ್ರಾಂತಿಗೆ ಇನ್ನೂ ಸ್ವಲ್ಪ ದಿನ ಇರುವಾಗ, ಚಳಿಯ ಒಂದು ಐತಾರ ನಾವು ಹೊರಟೆವು. ಅಮ್ಮ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಕೆನೆಮೊಸರು ಕಟ್ಟಿದ್ದಳು. ಮೆಹದಿಪಟ್ನಂನಲ್ಲಿ ಬಸ್ಸು ಬದಲಿಸಿದೆವು. ಕಚ್ಚೆ ಸೀರೆ, ಹಣೆ ತುಂಬ ಕುಂಕುಮ, ಅದರ ಕೆಳಗೆ ಕಪ್ಪು ಕನ್ನಡಕ ತೊಟ್ಟ ಆಯಿಯನ್ನು ಬಸ್ಸಿನವರೆಲ್ಲ ತಿರುತಿರುಗಿ ನೋಡಿದರು. ಅವಳು ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ. ಹೊರಗೋಡೆಯ ದೊಡ್ಡ ಬಾಗಿಲು ಬಂದಾಗ, "ಇಳೀರಿ, ಇಲ್ಲೇ ಇಳೀರಿ. ಕಿಲ್ಲಾದೊಳಗ ನಡಕೋತನೇ ಹೋಗಬೇಕು," ಎಂದು ನಮ್ಮನ್ನೂ ಇಳಿಸಿದಳು.

ಬಾಗಿಲ ಕದಗಳ ಮೇಲೆ ಆನೆಗಳನ್ನು ತಡೆಯಲು ಬಡಿದ ಕಬ್ಬಿಣದ ಮೊಳೆಗಳಿದ್ದವು. ಆಯಿ ಒಂದನ್ನು ಹಿಡಿದು ಅಲ್ಲಾಡಿಸಿ ನೋಡಿದಳು. "ಹೂಂ, ಗಟ್ಟಿ ಅವ," ಎಂದಳು. ಅಪ್ಪ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದ.

ಒಳಗೆ ಕಾಲಿಟ್ಟರೆ ನಿಜವಾಗಿಯೂ ಊರೇ ಇತ್ತು. ಸೈಕಲ್ ರಿಪೇರಿ ಅಂಗಡಿ, ಇರಾನಿ ಚಾ ಹೋಟೆಲು, ಗೋಡೆಯ ಬಿರುಕುಗಳಲ್ಲಿ ಗಿಳಿಗಳ ಗದ್ದಲ. ಭಟ್ಟಿಯಿಂದ ಆಗತಾನೇ ತೆಗೆದ ಬಿಸ್ಕೀಟಿನ ಬೆಣ್ಣೆಯ ವಾಸನೆ ಓಣಿಯ ತುಂಬ ಹರಡಿತ್ತು. ಒಂದು ಮನೆಯ ಮುಂದೆ ಹೆಂಗಸೊಬ್ಬಳು ಕಟ್ಟಿಗೆ ಒಲೆ ಹಚ್ಚಿ ಕೂತಿದ್ದಳು. ಹೊಗೆ ಹಳೆಯ ಗೋಡೆಯನ್ನು ಸವರಿಕೊಂಡು ಮೇಲೆ ಹೋಗುತ್ತಿತ್ತು. ಆಯಿ ಅಲ್ಲೇ ನಿಂತಳು. ಕನ್ನಡಕ ತೆಗೆದು ಹೊಗೆಯನ್ನು ನೋಡಿದಳು. ಡಾಕ್ಟರು ಬೈಯುತ್ತಾರೆ ಎಂದು ಅಪ್ಪ ಗದರಿದರೂ ಕೇಳಲಿಲ್ಲ.

"ಕ್ಯಾ ಪಕಾರೇ, ಬೀ?" ಎಂದು ನಮ್ಮೂರ ದಖನಿ ಉರ್ದುವಿನಲ್ಲಿ ಅಡುಗೆ ಏನೆಂದು ಕೇಳಿದಳು.

"ಖಟ್ಟಿ ದಾಲ್, ಅಮ್ಮಾ. ಆವೊ, ಬೈಠೊ," ಎಂದು ಆಕೆ ಒಂದು ಮಣೆ ಸರಿಸಿದಳು.

ಆಯಿ ಕೂತೇಬಿಟ್ಟಳು. ಹುಳಿ ಬೇಳೆಗೆ ಹುಣಸೆ ಯಾವಾಗ ಹಾಕಬೇಕು, ಗೋಡೆಯೊಳಗೆ ಬೇಸಿಗೆ ಸೆಖೆ ಎಷ್ಟು, ಮಂಗನ ಕಾಟ ಇದೆಯೋ ಇಲ್ಲವೋ ಎಂದು ಇಬ್ಬರೂ ಮಾತಿಗೆ ತೊಡಗಿದರು. ತಾನೂ ಕಿಲ್ಲಾದೊಳಗೆ ಹುಟ್ಟಿದವಳು ಎಂದು ಆಯಿ ಹೇಳಿದಾಗ ಆ ಹೆಂಗಸು ಅವಳ ಕೈ ಹಿಡಿದುಕೊಂಡಳು. ನಾನು ಚಪ್ಪಾಳೆಗೆ ಹೊತ್ತಾಯಿತೆಂದು ಕಾಲು ಕುಟ್ಟುತ್ತಿದ್ದೆ. ಅಪ್ಪ ಬಿಸ್ಕೀಟು ಕೊಡಿಸಿ ನನ್ನ ಬಾಯಿ ಮುಚ್ಚಿಸಿದ.

ಒಳಕೋಟೆಯ ಬಾಗಿಲು ದಾಟಿದರೆ ಆ ಗುಮ್ಮಟ. ಮುಂದೆ ಬೆಟ್ಟ, ಕಡಿದಾದ ಮೆಟ್ಟಿಲುಗಳು. ಆಯಿ ಒಮ್ಮೆ ಮೇಲೆ ನೋಡಿ, ಒಮ್ಮೆ ತನ್ನ ಮೊಣಕಾಲು ನೋಡಿಕೊಂಡಳು. "ನಾ ಇಲ್ಲೇ ನಿಂದರ್ತೀನಿ. ನೀವು ಏರ್ರಿ. ನಾ ಹೊಡದ ಚಪ್ಪಾಳಿ ನಿನಗ ಕೇಳಿಸ್ತಂದ್ರ ಈ ಕಿಲ್ಲಾ ನೋಡುವಂಥಾದ್ದು."

"ಇಷ್ಟು ಮಂದಿ ಹೊಡ್ಯಾಕತ್ತಾರ," ಎಂದಳು ಅಮ್ಮ. "ನಿಮ್ದು ಯಾವ್ದಂತ ಅಕೀಗೆ ಹೆಂಗ ಗೊತ್ತಾಕ್ಕೈತ್ರಿ?"

ಆಗ ಆಯಿ ನನ್ನನ್ನು ಹತ್ತಿರ ಕರೆದು ಚಪ್ಪಾಳೆ ಹೊಡೆದು ತೋರಿಸಿದಳು. ಬೇಗ ಬೇಗನೆ ಎರಡು, ಸ್ವಲ್ಪ ತಡೆದು ಇನ್ನೊಂದು. ಟಪ್ ಟಪ್, ಟಪ್. ಅವಳು ಕಂದಕದ ಆಚೆ ಎಮ್ಮೆ ಮೇಯಿಸುತ್ತಿದ್ದಾಗ ಅವಳ ಅವ್ವ ಮನೆಯ ಮಾಳಿಗೆ ಹತ್ತಿ ಹೀಗೆ ಹೊಡೆಯುತ್ತಿದ್ದಳಂತೆ. ಅಡುಗೆಯಾಗಿದೆ, ಮನೆಗೆ ಬಾ ಎಂದು ಅದರ ಅರ್ಥ.

ಅಮ್ಮ ಆಯಿಯ ಜೊತೆ ಉಳಿದಳು. ನಾನು ಅಪ್ಪನ ಕೈ ಬಿಡಿಸಿಕೊಂಡು ಓಡಿದೆ. ಬಾವಲಿಗಳ ವಾಸನೆಯ ಕಮಾನುಗಳು, ಬತ್ತಿದ ಕೊಳ, ಬಂಡೆಯ ಕೆಳಗಿನ ದೇವಿಯ ಗುಡಿ, ಯಾವುದನ್ನೂ ನಿಂತು ನೋಡಲಿಲ್ಲ. ನೆತ್ತಿಯ ಮೇಲಿನ ಮಂಟಪ ಮುಟ್ಟಿದಾಗ ಎದೆ ಬಡಿತ ಬಿಟ್ಟರೆ ಮೊದಲಿಗೆ ಏನೂ ಕೇಳಿಸಲಿಲ್ಲ. ಗಾಳಿ ಬೀಸುತ್ತಿತ್ತು. ಕೆಳಗೆ ಯಾರೋ ಹೊಡೆಯುತ್ತಿದ್ದ ಚಪ್ಪಾಳೆಗಳು ಒಂದರ ಮೇಲೊಂದು ಬಿದ್ದು ಗೊಜಲಾಗಿದ್ದವು. ಆಸ್ಪತ್ರೆಯಲ್ಲಿ ಮಾಡಿದ ಆಣೆ ನೆನಪಾಗಿ ನನಗೆ ಅಳು ಬಂದಿತು. ಕೇಳಿಸದೆ ಹೋದರೆ? ಇನ್ನೊಂದು ಕಣ್ಣಿಗೆ ಆಯಿ ಒಪ್ಪುತ್ತಾಳೆಯೇ? ಕಣ್ಣು ಮುಚ್ಚಿ, ಉಸಿರು ಹಿಡಿದು ನಿಂತೆ.

ಟಪ್ ಟಪ್, ಟಪ್.

ಪಕ್ಕದಲ್ಲೇ ನಿಂತು ಹೊಡೆದ ಹಾಗೆ ಸ್ಪಷ್ಟವಾಗಿತ್ತು. ಮತ್ತೆ ಬಂತು. ಮತ್ತೆ. "ಆಯಿ! ಅಪ್ಪಾ, ಅದು ಆಯಿ!" ಎಂದು ಕುಣಿದಾಡಿದೆ. ಏದುಸಿರು ಬಿಡುತ್ತ ಹತ್ತಿ ಬಂದ ಅಪ್ಪ ಒಂದು ಕಂಬಕ್ಕೆ ಒರಗಿ ಕಿವಿಗೊಟ್ಟ. ಅವನಿಗೂ ಕೇಳಿಸಿತು.  ನಾನು ಅದೇ ಲಯದಲ್ಲಿ ಉತ್ತರ ಕೊಟ್ಟೆ. ಅಂಗೈ ಕೆಂಪಾಗುವ ತನಕ ಹೊಡೆದೆ.

ಮೆಟ್ಟಿಲುಗಳನ್ನು ಹಾರುತ್ತಾ ಕೆಳಗೆ ಬಂದು ಆಯಿಯ ಮೇಲೆ ಬಿದ್ದೆ. "ಕೇಳಿಸ್ತು ಆಯಿ! ನಿಂದೇ ಕೇಳಿಸ್ತು! ನಾನೂ ಹೊಡದೆ. ನಿನಗ ಕೇಳಿಸ್ತಾ?"

"ಇಲ್ಲ," ಎಂದಳು ಆಯಿ.

"ಭಾಳ ಸಲ ಹೊಡದೆ!"

"ಹೊಡದಿರ್ತಿ. ಆದ್ರ ಇದು ಒಂದೇ ಕಡಿ ಹೋಗೂ ಸಪ್ಪಳ, ಪಮ್ಮಿ. ಕೆಳಗಿನವ್ರು ಹೊಡದದ್ದು ಮ್ಯಾಲಿನವ್ರಿಗಿ ಕೇಳಸ್ತದ. ಮ್ಯಾಲಿನವ್ರು ಹೊಡದದ್ದು ಕೆಳಗ ಬರಂಗಿಲ್ಲ. ರಾಜರು ಕಟ್ಟಿಸಿದ್ದು ನೋಡು, ತಮಗೆಷ್ಟು ಬೇಕು ಅಷ್ಟೇ ಕಟ್ಟಿಸ್ಯಾರ." ಅವಳು ನಕ್ಕಳು. "ನಮ್ಮ ಬೀದರದಾಗ ನಮ್ಮವ್ವ ಹೊಡದ್ರ ನಾ ತಿರುಗಿ ಹೊಡೀತಿದ್ದೆ, ಬರ್ಲತ್ತೀನಿ ಅಂತ. ಅಕಿಗೂ ಕೇಳ್ತಿತ್ತು."

ನನ್ನ ಮುಖ ಸಣ್ಣದಾಯಿತು. "ಹಂಗಾದ್ರ ಗೋಲ್ಕೊಂಡಾ ನಪಾಸಾ?"

"ಯಾರಂದ್ರು?" ಆಯಿ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು. "ಒಳಗ ಒಲಿ ಹೊತ್ತತದ. ನಮ್ಮವ್ವ ಹೋದ ಮ್ಯಾಲ ಈ ಚಪ್ಪಾಳಿ ನಾ ಹೊಡದಿದ್ದಿಲ್ಲ, ಇವತ್ತು ಹೊಡದೆ. ನೀ ಕೇಳಿ ಓಡಿ ಬಂದಿ. ಇನ್ನೇನಾಗಬೇಕು ಕಿಲ್ಲಾಕ್ಕ? ಪಾಸ್."

ಆ ದಿನ ಗುಮ್ಮಟದಾಚೆಯ ಹುಲ್ಲಿನ ಮೇಲೆ ಕೂತು ತಿಂದ ಸಜ್ಜೆ ರೊಟ್ಟಿಯ ರುಚಿ ಮತ್ತೆ ಯಾವ ರೊಟ್ಟಿಯಲ್ಲೂ ನನಗೆ ಸಿಕ್ಕಿಲ್ಲ. ಆಯಿ ಬೀದರಿನ ಬಸ್ಸು ಹಿಡಿಯಲಿಲ್ಲ. ಇನ್ನೊಂದು ಕಣ್ಣನ್ನೂ ಮಾಡಿಸಿಕೊಂಡೇ ಹೋದಳು. ಆಮೇಲೆ ಬೀದರಿನಿಂದ ಯಾರೇ ಬಂದರೂ ಅಪ್ಪ ಮೊದಲು ತೋರಿಸುತ್ತಿದ್ದದ್ದು ಗೋಲ್ಕೊಂಡವನ್ನೇ. "ನಮ್ಮವ್ವ ಪಾಸ್ ಮಾಡ್ಯಾಳ," ಎನ್ನುತ್ತಿದ್ದ.

ಆಯಿ ತೀರಿಹೋಗಿ ಎಷ್ಟೋ ವರ್ಷಗಳಾದವು, ಅಪ್ಪನೂ ಈಗಿಲ್ಲ. ನಮ್ಮ ಬಂಡೆಗಳನ್ನು ಸಿಡಿಸಿ ಕಟ್ಟಿದ ಅಪಾರ್ಟ್‌ಮೆಂಟೊಂದರಲ್ಲೇ ನಾನೀಗ ಇದ್ದೇನೆ. ಸೀತಾಫಲ ಡಬ್ಬದಲ್ಲಿ ಪ್ಯಾಕಾಗಿ ಬಾಗಿಲಿಗೆ ಬರುತ್ತದೆ, ಜೋಳದಲ್ಲಿ ಹೂತಿಡುವ ಪ್ರಮೇಯವಿಲ್ಲ. ಮಗಳನ್ನು ಊಟಕ್ಕೆ ಕರೆಯಲು ಪಕ್ಕದ ಕೋಣೆಗೂ ಮೆಸೇಜು ಹಾಕುತ್ತೇನೆ. ಹೋದ ಚಳಿಗಾಲದಲ್ಲಿ ಗೋಲ್ಕೊಂಡಕ್ಕೆ ಹೋಗೋಣವೇ ಎಂದರೆ ಅವಳು ಫೋನು ತೆಗೆದು ಯಾರು ಯಾರೋ ಬರೆದದ್ದನ್ನು ಓದಿದಳು. "ಬಿಸಿಲು, ಮೆಟ್ಟಿಲು, ರಶ್. ಹೋಗೋ ಅಂಥದ್ದೇನಿಲ್ಲ ಅಂತ ಬರ್ದಿದ್ದಾರೆ, ಮಮ್ಮಿ."

"ನೀ ನೋಡೇ ಇಲ್ಲಲ್ಲ," ಎಂದೆ. ಆ ಮಾತಿನ ಹಟದಲ್ಲೇ ಅವಳನ್ನು ಎಳೆದುಕೊಂಡು ಹೋದೆ.

ಆಯಿ ಆ ದಿನ ನೋಡಿಕೊಂಡ ಮೊಣಕಾಲು ಈಗ ನನಗೆ ಬಂದಿದೆ. ನಾನು ಗುಮ್ಮಟದ ಕೆಳಗೆ ಉಳಿದೆ, ಮಗಳು ಮೇಲೆ ಹತ್ತಿದಳು. ಸುತ್ತ ಒಂದು ಜಾತ್ರೆಯಷ್ಟು ಜನ. ಎಲ್ಲರೂ ಒಟ್ಟಿಗೇ ಚಪ್ಪಾಳೆ ಹೊಡೆಯುತ್ತಿದ್ದರು, ಎಲ್ಲರೂ ಅದನ್ನು ಫೋನಿನಲ್ಲಿ ಹಿಡಿಯುತ್ತಿದ್ದರು. ಬೇಗ ಎರಡು, ತಡೆದು ಒಂದು, ಜ್ಞಾಪಕ ಇಟ್ಟುಕೊ ಎಂದು ಹೇಳಿ ಕಳಿಸಿದ್ದೆ. ಹೊಡೆದೆ. ಸ್ವಲ್ಪ ಹೊತ್ತಿನ ಮೇಲೆ ಫೋನು ಬಡಿದುಕೊಂಡಿತು.

"ಮಮ್ಮಿ, ಬರೀ ಗದ್ದಲ. ನಿಂದ್ಯಾವುದು ಅಂತ ಗೊತ್ತಾಗಲೇ ಇಲ್ಲ. ನಾನು ಇಳಿದು ಬರ್ತೀನಿ, ನೀನು ಸುಮ್ಮನೆ ಕೂತ್ಕೊ."

ಫೋನು ಚೀಲಕ್ಕೆ ಹಾಕಿದೆ. ಸುಮ್ಮನೆ ಕೂರಲು ಮನಸ್ಸಾಗಲಿಲ್ಲ. ಅಂದು ಖಟ್ಟಿ ದಾಲ್ ಮಾಡುತ್ತಿದ್ದ ಹೆಂಗಸಿನ ಒಲೆ ಇದ್ದ ಓಣಿಯ ಕಡೆ ಒಮ್ಮೆ ನೋಡಿ, ಗುಮ್ಮಟದ ನಡುವೆ, ಆಯಿ ನಿಂತಿದ್ದ ಕಲ್ಲಿನ ಮೇಲೇ ನಿಂತುಕೊಂಡೆ. ಟಪ್ ಟಪ್, ಟಪ್. ಅಂಗೈ ಕೆಂಪಾಗುವ ತನಕ ಹೊಡೆದೆ. ಕೆಳಗಿನವರು ಹೊಡೆದದ್ದು ಮೇಲಿನವರಿಗೆ ಕೇಳಿಸುತ್ತದೆ ಎಂದು ಹೇಳಿದವಳು ಆಯಿಯೇ. ಈಗ ಅವಳೂ ಮೇಲಿನವಳು, ಅವಳಿಗೆ ಕೇಳಿಸಿರಬೇಕು. ಉತ್ತರ ಕೆಳಗೆ ಬರುವುದಿಲ್ಲ ಎಂದೂ ಅವಳೇ ಹೇಳಿದ್ದಳು, ಆದರೂ ನಾನು ಸ್ವಲ್ಪ ಹೊತ್ತು ಕಿವಿಗೊಟ್ಟು ನಿಂತೆ.